ಹಸಿರು ಬಟ್ಟೆಯ ಮೇಲಿನ ಹಳದಿ ಕಲೆ

ನಮ್ಮ ಮನೆಯಲ್ಲಿ ಹೊಸ ಬಟ್ಟೆಯ ತುದಿಗೆ ಅರಿಶಿನ ಹಚ್ಚದೆ ಯಾರೂ ಅದನ್ನು ಮೈಗೆ ತಾಗಿಸುವುದಿಲ್ಲ. ಸೀರೆಯಾಗಲಿ, ಪಂಚೆಯಾಗಲಿ, ಕೂಸಿನ ಕುಲಾವಿಯಾಗಲಿ, ಮೊದಲು ಅವ್ವ ಬೆರಳು ಅದ್ದಿ ಒಂದು ಬೊಟ್ಟು ಇಡಬೇಕು. ಬೆಟಗೇರಿಯ ನೇಕಾರರ ಮನೆಗಳಲ್ಲಿ ಇದನ್ನು ಯಾರೂ ಯಾರಿಗೂ ಕಲಿಸಿಕೊಡುವುದಿಲ್ಲ. ಹೀಗಾಗಿ ಪೂಲ್ ಟೇಬಲ್ಲಿಗೆ ಹೊದಿಸುವ ಹಸಿರು ಬಟ್ಟೆಯ ಸುರುಳಿ ಟೇಬಲ್ಲಿಗಿಂತ ಒಂದು ದಿನ ಮೊದಲೇ ಬಂದು ನಮ್ಮ ಪಡಸಾಲೆಯಲ್ಲಿ ಕುಳಿತಾಗ, ಅವ್ವ ಅದರ ಅಂಚಿಗೂ ಅರಿಶಿನ ಹಚ್ಚಿದಳು. ನಾನು ನೋಡಿ ನಕ್ಕೆ.

ಪೂಲ್ ಟೇಬಲ್ಲು ನನ್ನ ತಮ್ಮನ ಯೋಚನೆ. ಮಗ್ಗಗಳು ಹೋದ ಮೇಲೆ ಅವಿದ್ದ ಉದ್ದನೆಯ ಕೋಣೆ ಖಾಲಿ ಬಿದ್ದಿತ್ತು. ಕಾಲೇಜಿನ ಹುಡುಗರು ಕೋಲು ಹಿಡಿದು ಬಣ್ಣದ ಚೆಂಡು ಹೊಡೆಯಲು ಗದಗಿನಲ್ಲಿ ಜಾಗ ಹುಡುಕುತ್ತಾರೆ, ನಮ್ಮಲ್ಲೇ ಏಕೆ ಇಡಬಾರದು ಎಂದ. ಬಂಧುಬಳಗವೆಲ್ಲ ಮೂಗು ಮುರಿಯಿತು. ಅವ್ವ ಮಾತ್ರ, "ಕೋಣಿ ಖಾಲಿ ಬಿಟ್ರ ಇಲಿ ಸೇರತಾವ. ಹುಡುಗೂರ ಸೇರಲಿ," ಎಂದಳು. ಅಲ್ಲಿಗೆ ಮಾತು ಮುಗಿಯಿತು. ಮಗ್ಗದ ಕುಣಿಗಳನ್ನು ಮುಚ್ಚಿ, ಫರಸಿ ಕಲ್ಲು ಹಾಕಿಸಿ, ಗೋಡೆಗೆ ಬಣ್ಣ ಹೊಡೆಸಿದೆವು. ನಾನು ರವಿಕೆ ಹೊಲಿಯುವವಳು. ನನ್ನ ಹೊಲಿಗೆ ಯಂತ್ರವನ್ನೂ ಅದೇ ಕೋಣೆಯ ಮೂಲೆಯಿಂದ ಪಡಸಾಲೆಗೆ ಎಳೆದುಕೊಂಡೆ.

ಟೇಬಲ್ಲು ಜೋಡಿಸಲು ಹುಬ್ಬಳ್ಳಿಯಿಂದ ಒಬ್ಬ ಬಂದ. ಕೆಲಸ ಬಲ್ಲವನೇ, ಸುಳ್ಳು ಹೇಳಬಾರದು. ಬಟ್ಟೆಯ ಕೆಳಗೆ ಬರುವ ಕಲ್ಲಿನ ಹಲಗೆಗಳನ್ನು ಸಮ ಕೂರಿಸುವಾಗ ಅವನ ಕೈ ನೋಡುವಂತಿತ್ತು. ಆದರೆ ಬಟ್ಟೆಯ ಹೊತ್ತಿಗೆ ಸಂಜೆಯಾಯಿತು, ಕರೆಂಟು ಹೋಯಿತು, ಅವನ ಫೋನು ಬಿಡುವಿಲ್ಲದೆ ಬಡಿದುಕೊಳ್ಳತೊಡಗಿತು. ಲಕ್ಷ್ಮೇಶ್ವರದಲ್ಲಿ ಇನ್ನೊಂದು ಟೇಬಲ್ಲು ಕಾಯುತ್ತಿತ್ತಂತೆ. ಮೊಬೈಲಿನ ಬೆಳಕಿನಲ್ಲೇ ಡಬ್ಬಿಯಿಂದ ಅಂಟು ಸಿಂಪಡಿಸಿ, ಬಟ್ಟೆ ಎಳೆದು, ಅಂಚು ಕತ್ತರಿಸಿ, ಬಡಬಡ ಮೊಳೆ ಹೊಡೆದು, "ಆತ್ರಿ ಅಕ್ಕಾರ, ಫಸ್ಟ್ ಕ್ಲಾಸ್," ಎಂದು ಗದಗಿನ ಲಾಡ್ಜಿಗೆ ಮಲಗಲು ಹೋದ.

ನಮ್ಮಲ್ಲಿ ಸೀರೆ ಮಗ್ಗದಿಂದ ಇಳಿದರೆ ಬೆಳಗಿನ ಬಿಸಿಲಿಗೆ ಬಾಗಿಲಲ್ಲಿ ಹರವಿ ನೋಡದೆ ಯಾರೂ ಮಡಚುತ್ತಿರಲಿಲ್ಲ. ನಾನೂ ಹಾಗೆಯೇ, ಎದ್ದವಳೇ ಬಾಗಿಲು ತೆರೆದು ಬಿಸಿಲನ್ನು ಟೇಬಲ್ಲಿನ ಮೇಲೆ ಬಿಟ್ಟೆ. ಒಂದು ಮೂಲೆಯಲ್ಲಿ ಚೆಂಡು ಬೀಳುವ ತೂತಿನ ಸುತ್ತ ಬಟ್ಟೆ ಸುಕ್ಕುಗಟ್ಟಿತ್ತು. ಅದಕ್ಕಿಂತ ಕೆಟ್ಟದ್ದು ನಡುಭಾಗದಲ್ಲಿತ್ತು: ಅಂಗೈಯಗಲದ, ಮಸುಕು ಹಳದಿಯ ಒಂದು ಕಲೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅಲ್ಲಿಂದ ಇಳಿದು ಬರಲು ಹೊತ್ತು ಬೇಕಾಗಲಿಲ್ಲ. ಲಕ್ಷ್ಮೇಶ್ವರದ ಬಸ್ಸು ಹತ್ತುವ ಮೊದಲೇ ಅವನನ್ನು ವಾಪಸು ಕರೆಸಿದೆ.

ಅವನು ಬಗ್ಗಿ ನೋಡಿ ಹುಳ್ಳಗೆ ನಕ್ಕ. "ಇದು ನೋಡಾಕ ಅಷ್ಟ ಕಾಣತೈತ್ರಿ. ಚೆಂಡು ಉರಳಾಕ ಏನೂ ಆಗಂಗಿಲ್ಲ."

"ಮದಿವ್ಯಾಗ ಮದಲಿಗಿತ್ತಿ ಸೀರಿ ಮ್ಯಾಲೆ ಎಣ್ಣಿ ಬಿದ್ರ ಉಡಾಕೂ ಏನೂ ಆಗಂಗಿಲ್ಲ," ಎಂದೆ. "ನಿಮ್ಮ ಮನಿ ಮದಲಿಗಿತ್ತಿಗೆ ಉಡಸ್ತೀರೇನು?"

ರವಿಕೆಯ ತೋಳು ಸುಕ್ಕಾದರೆ ನಾನೂ ಗಿರಾಕಿಗೆ, ಹಾಕಿಕೊಂಡರೆ ಸರಿಹೋಗುತ್ತದೆ ಎಂದು ಒಮ್ಮೆ ಹೇಳಿ ನೋಡುವವಳೇ. ಆದರೆ ಅವರು ಒಪ್ಪದಿದ್ದರೆ ತುಟಿ ಬಿಚ್ಚದೆ ಹೊಲಿಗೆ ಬಿಚ್ಚುತ್ತೇನೆ. ಇವನೂ ಬಿಚ್ಚುತ್ತಿದ್ದನೇನೋ. ಅಷ್ಟರಲ್ಲಿ ನನ್ನ ತಮ್ಮ, ಬಾಯಿಗೆ ಬೀಗವಿಲ್ಲದವನು, "ಅವ್ವ ಈ ಬಟ್ಟಿಗೆ ಅರಿಷಿಣ ಹಚ್ಚಿದ್ಲಲ್ಲಾ?" ಎಂದುಬಿಟ್ಟ.

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತು. "ಹಂಗಾದ್ರ ಮುಗೀತಲ್ರಿ! ಹಸಿ ಅರಿಷಿಣ ಹಚ್ಚಿ ಸುತ್ತಿ ಇಟ್ಟೀರಿ, ಒಳಗ ಇಳದೈತಿ. ಸುಕ್ಕು ನಂದು, ತಿರುಗಿ ಬರೂ ಮುಂದ ತಗದ ಕೊಡ್ತೀನಿ. ಕಲಿ ನಿಮ್ದು."

ಅವ್ವ ಅದೇ ಆಗ ಚಹಾದ ತಟ್ಟೆ ಹಿಡಿದು ಹೊಸ್ತಿಲ ಬಳಿ ಬಂದಿದ್ದಳು. ಪೂರ್ತಿ ಕೇಳಿಸಿಕೊಂಡಳು. ತಟ್ಟೆಯನ್ನು ಕಿಟಕಿಯಲ್ಲಿಟ್ಟು ಒಳಗೆ ಹೋದಳು.

ಅವನು ಲಕ್ಷ್ಮೇಶ್ವರಕ್ಕೆ ಹೋದ. ತಮ್ಮ ಅವ್ವನ ಮೇಲೆ ರೇಗಿದ, "ಯಾರು ಹಚ್ಚು ಅಂದಿದ್ರು ನಿನಗ?" ಅವ್ವ ತಿರುಗಿ ಒಂದು ಮಾತಾಡಲಿಲ್ಲ. ನಾನು ಕಂಡ ಅವ್ವ ಸುಮ್ಮನಿರುವವಳೇ ಅಲ್ಲ. ಬೈದವರಿಗೆ ಬಡ್ಡಿ ಸಮೇತ ತೀರಿಸುವವಳು. ಆವತ್ತಿನಿಂದ ಅವಳು ಆ ಕೋಣೆಗೆ ಕಾಲಿಡುವುದನ್ನು ಬಿಟ್ಟಳು. ಕಸ ಗುಡಿಸುತ್ತ ಬಂದು ಹೊಸ್ತಿಲಲ್ಲೇ ನಿಂತು ಹಿಂದಿರುಗುತ್ತಿದ್ದಳು. ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತ, ನನಗೋ ತನಗೋ ಎಂಬಂತೆ, "ಜಲ್ಮೆಲ್ಲಾ ನೇಯ್ದೆ. ಒಂದ ಸೀರಿ ಮ್ಯಾಲೂ ಕಲಿ ಬೀಳಸಿದ್ದಿಲ್ಲ. ಈಗ ಕೈ ಕೆಟ್ಟಾವ," ಎಂದಳು. ಟೇಬಲ್ಲು ಹಾಳಾಗಿ ಹೋಗಲಿ, ಅವ್ವನ ಈ ಮಾತನ್ನು ಅವಳಿಂದಲೇ ವಾಪಸು ತೆಗೆಸದೆ ಬಿಡುವವಳಲ್ಲ ಎಂದುಕೊಂಡೆ. ಆದರೆ ಅವ್ವ ಅರಿಶಿನ ಹಚ್ಚಿದ್ದು ನಿಜ, ಕಲೆ ಹಳದಿಯಿದ್ದದ್ದೂ ನಿಜ. ವಾದಿಸಲು ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಪಕ್ಕದ ಮನೆಯ ಮಗಳು ಬಾಣಂತನ ಮುಗಿಸಿ ಗಂಡನ ಊರು ಮುಂಡರಗಿಗೆ ಹೊರಟಿದ್ದಳು. ಆರತಿ ಮಾಡಲು ನನ್ನನ್ನು ಕರೆದರು. ತಟ್ಟೆಯಲ್ಲಿ ನೀರು ಹಾಕಿ, ಅರಿಶಿನ ಕದಡಿ, ಎಲೆ ಅಡಿಕೆಯ ಡಬ್ಬಿಯಿಂದ ಚೂರು ಸುಣ್ಣ ತೆಗೆದು ಕಲಸಿದೆ. ಎಷ್ಟು ಸಲ ಮಾಡಿದ ಕೆಲಸ! ನೀರು ಕಣ್ಣೆದುರೇ ಕೆಂಪಾಯಿತು. ನಾನು ತಟ್ಟೆ ಹಿಡಿದುಕೊಂಡು ಹಾಗೇ ನಿಂತೆ. "ಯಾಕ ಅಕ್ಕಾ, ಬೆಳಗವ್ವಾ," ಎಂದು ಆ ಹುಡುಗಿ ಹೇಳಬೇಕಾಯಿತು. ಬೆಳಗಿದೆನೋ ಇಲ್ಲವೋ, ಓಡುತ್ತ ಮನೆಗೆ ಬಂದು ಚಿಂದಿಯ ಚೀಲ ಸುರುವಿದೆ.

ದರ್ಜಿಯ ಮನೆಯಿಂದ ತುಂಡು ಬಟ್ಟೆ ಹೊರಗೆ ಹೋಗುವುದಿಲ್ಲ. ಹುಬ್ಬಳ್ಳಿಯವನು ಕತ್ತರಿಸಿ ಎಸೆದ ಹಸಿರು ಅಂಚು ರವಿಕೆಯ ಚೂರುಗಳ ನಡುವೆ ಸಿಕ್ಕಿತು. ಅಂಚಿನ ಬಿಳಿ ಗೆರೆಯ ಮೇಲೆ ಅವ್ವನ ಬೆರಳಿನ ಗುರುತು, ಅರಿಶಿನದ ಬೊಟ್ಟು, ಹಾಗೇ ಇತ್ತು.

ಸುಕ್ಕು ತೆಗೆಯುತ್ತೇನೆ ಎಂದಿದ್ದನಲ್ಲ, ಮಾತಿನಂತೆ ಅವನು ಬಂದ. ನಾನು ಬಾಗಿಲನ್ನು ಪೂರ್ತಿ ತೆರೆದೆ. ತಮ್ಮನನ್ನೂ ಎದುರು ನಿಲ್ಲಿಸಿದೆ. ಮೊದಲು ಆ ತುಂಡಿನ ಬೊಟ್ಟಿಗೆ ಸುಣ್ಣದ ನೀರು ಮುಟ್ಟಿಸಿದೆ. ಬೊಟ್ಟು ರಕ್ತದಂತೆ ಕೆಂಪಗಾಯಿತು. ಆಮೇಲೆ ಅದೇ ಬೆರಳನ್ನು ಟೇಬಲ್ಲಿನ ಕಲೆಯತ್ತ ಒಯ್ದೆ.

"ಬ್ಯಾಡ್ರಿ ಅಕ್ಕಾರ, ಬಟ್ಟಿ ಕೆಡತೈತಿ!" ಎಂದು ಕೂಗಿದ.

"ಅರಿಷಿಣ ಇಳದೈತಿ ಅಂತ ನೀವ ಹೇಳೀರಲ್ಲಾ. ಕೆಂಪಾದ್ರ ಹೊಸಾ ಬಟ್ಟಿ ನಾ ತರಸ್ತೀನಿ. ಆಗದಿದ್ರ ನೀವು."

ಕಲೆಯ ಮೇಲೆ ಸುಣ್ಣದ ನೀರು ತಿಕ್ಕಿದೆ. ಮೂವರೂ ಬಗ್ಗಿ ನೋಡುತ್ತ ನಿಂತೆವು. ಕಲೆ ಒದ್ದೆಯಾಯಿತು, ಅಷ್ಟೇ. ಇನ್ನಷ್ಟು ಸುಣ್ಣ ಹಚ್ಚಿದೆ. ಕೆಂಪಿನ ಸುಳಿವೇ ಇಲ್ಲ. ನಾನು ಏನೂ ಕೇಳಲಿಲ್ಲ; ಕುಂಬಳಕಾಯಿ ಕಳ್ಳನಂತೆ ಅವನ ಕಣ್ಣು ತಾನಾಗಿಯೇ ಮೂಲೆಯಲ್ಲಿದ್ದ ಅಂಟಿನ ಡಬ್ಬಿಯತ್ತ ಹೋಯಿತು. ತಮ್ಮ ತಲೆ ತಗ್ಗಿಸಿದ.

"ಕತ್ತಲಾಗ ಅಂಟು ಹೆಚ್ಚಾಗಿ ಮ್ಯಾಲೆ ಒಸರೇತ್ರಿ," ಎಂದ ಕೊನೆಗೆ. "ತಪ್ಪು ನಂದ ಐತಿ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇವನು ಕುಣಿಯಬಲ್ಲವನಾಗಿದ್ದೂ ನೆಲವನ್ನು ಬೈದಿದ್ದ, ಅದಕ್ಕೇ ನನಗೆ ಹೆಚ್ಚು ಸಿಟ್ಟು. "ನನಗ ಹೇಳಬ್ಯಾಡ್ರಿ," ಎಂದೆ. "ಅಡಗಿ ಮನ್ಯಾಗ ಅದಾಳ, ಹೋಗಿ ಆಕಿಗೆ ಹೇಳ್ರಿ."

ಹೋದ. ಹೋದದ್ದಕ್ಕೆ ನಾನು ಅವನಿಗೆ ಅರ್ಧ ಸಿಟ್ಟು ಮಾಫಿ ಮಾಡಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅವ್ವಾರ, ಕಲಿ ಬಿದ್ದದ್ದು ನನ್ನ ಅಂಟಿಂದ. ನಿಮ್ಮ ಕೈಯಿಂದ ಅಲ್ಲ," ಎಂದ. ತಮ್ಮನೂ ಅವನ ಬೆನ್ನಿಗೆ ನಿಂತು, "ನಾನೂ ತಪ್ಪ ಮಾತಾಡಿದೆ ಅವ್ವಾ," ಎಂದ. ಅವ್ವ ಇಬ್ಬರನ್ನೂ ನೋಡಿದಳು. ಒಲೆಯ ಉರಿ ಸಣ್ಣ ಮಾಡಿದಳು.

"ಹೊಸಾ ಬಟ್ಟಿ ಯಾವಾಗ ತರ್ತಿ?" ಎಂದು ಕೇಳಿದಳು, ಅಷ್ಟೇ. ಅವನು ಹೋದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ನೋಡದವಳಂತೆ ಪಡಸಾಲೆಗೆ ಬಂದೆ. ಕುಣಿದಾಡಬೇಕೆನ್ನಿಸಿತು. ಯಂತ್ರದ ಮುಂದೆ ಕುಳಿತು ಸುಮ್ಮಸುಮ್ಮನೆ ಪೆಡಲು ತುಳಿದೆ.

ಹೊಸ ಬಟ್ಟೆ ತನ್ನ ಖರ್ಚಿನಲ್ಲೇ ತಂದ, ಅದೂ ಬೆಳಿಗ್ಗೆಯೇ ಬಂದ. ಫೋನನ್ನು ತಾನೇ ಬಂದ್ ಮಾಡಿ ಕಿಟಕಿಯಲ್ಲಿಟ್ಟ. ಹಳೆಯದನ್ನು ಕಿತ್ತು, ಕಲ್ಲು ಒರೆಸಿ, ಅಳತೆಯಲ್ಲಿ ಅಂಟು ಹಾಕಿ, ಬಟ್ಟೆ ಎಳೆದು ಅಂಚಿಗೆ ತಾತ್ಕಾಲಿಕವಾಗಿ ಪಿನ್ನು ಚುಚ್ಚಿದ. ಪೂರ್ತಿ ಮೊಳೆ ಹೊಡೆಯುವ ಮೊದಲು ಅವನೇ ಕೂಗಿ ಹೇಳಿದ: "ಅವ್ವಾರ, ನೀವು ಬಂದು ನೋಡಿ ಹೂಂ ಅನ್ನೂತನಕಾ ನಾ ಮೊಳಿ ಹೊಡಿಯಂಗಿಲ್ರಿ."

ಅವ್ವ ಬಂದಳು. ಹೊಸ್ತಿಲಲ್ಲಿ ನಿಲ್ಲಲಿಲ್ಲ. ನಡುವೆ ನಿಂತಿದ್ದ ನನ್ನನ್ನೂ ತಮ್ಮನನ್ನೂ, "ಸರೀರಿ ಅತ್ತಾಗ, ಬೆಳಕಿಗೆ ಅಡ್ಡ ಆಗಬ್ಯಾಡ್ರಿ," ಎಂದು ಮೊಣಕೈಯಿಂದ ಸರಿಸಿದಳು. ಟೇಬಲ್ಲಿನ ಮಟ್ಟಕ್ಕೆ ಬಗ್ಗಿ, ಒಂದು ಕಣ್ಣು ಮುಚ್ಚಿ, ಬಿಸಿಲಿನ ಕಡೆಗೆ ನೋಡುತ್ತ ಅಂಗೈಯಿಂದ ನಿಧಾನವಾಗಿ ಸವರುತ್ತ ಸುತ್ತು ಬಂದಳು. ದೂರದ ಮೂಲೆಯ ತೂತಿನ ಹತ್ತಿರ ಅವಳ ಕೈ ನಿಂತಿತು. ನಾನೂ ಬಗ್ಗಿ ನೋಡಿದೆ, ನನಗೇನೂ ಕಾಣಲಿಲ್ಲ.

"ಇಲ್ಲೊಂದು ಸುಕ್ಕ ಐತಿ," ಎಂದಳು ಅವ್ವ. "ಬಿಚ್ಚು."

ಅವನು ಬಿಚ್ಚಿದ.