ದೊಡ್ಡಪ್ಪನ ಹಲ್ಲಿಗೆ ವಿಮೆ

ನನ್ನ ತಂಗಿಯ ಮಗುವಿನ ನಾಮಕರಣಕ್ಕೆಂದು ಸೂಲಿಬೆಲೆಗೆ ಬಂದಿದ್ದ ದೊಡ್ಡಪ್ಪ ಮಾರನೆಯ ಬೆಳಿಗ್ಗೆ ಬಸ್ಸು ಹಿಡಿದು ಬಳ್ಳಾರಿಗೆ ಹೊರಟುಹೋದರು. ಅವರ ಹಲ್ಲುಗಳು ಮಾತ್ರ ನಮ್ಮ ಬಚ್ಚಲುಮನೆಯ ಕಿಟಕಿಯಲ್ಲಿ, ಸ್ಟೀಲ್ ಲೋಟದ ನೀರಿನೊಳಗೆ ಉಳಿದುಕೊಂಡವು. ಮಫ್ಲರ್ ಸುತ್ತಿಕೊಂಡು ಬಸ್ಸಿನಲ್ಲಿ ನಿದ್ದೆ ಹೊಡೆದವರಿಗೆ ಅದು ತಿಳಿದದ್ದು ಹಿರಿಯೂರಿನಲ್ಲಿ, ಊಟಕ್ಕೆ ನಿಲ್ಲಿಸಿದಾಗ. ನಮಗೆ ತಿಳಿದದ್ದು ಸಂಜೆ, ಅವರು ಮನೆ ಮುಟ್ಟಿ ಫೋನ್ ಮಾಡಿದಾಗ.

ಬಾಣಂತಿಯನ್ನು ನೋಡಿಕೊಳ್ಳಲು ನಮ್ಮಲ್ಲೇ ಉಳಿದಿದ್ದ ದೊಡ್ಡಮ್ಮ ಫೋನ್ ಎತ್ತಿದರು.

"ಅಲ್ಲು... ಅಲ್ಲು..." ಎಂದಿತು ಆ ಕಡೆಯ ದನಿ.

"ಅಲ್ಲೂ ಮಳೇನಾ? ಹೊರಡೋವಾಗ ಮಹಡಿ ಮೇಲೆ ಬಟ್ಟೆ ಒಣಗಾಕಿ ಬಂದಿದೀನಿ, ತೆಗೀರಿ."

"ಅಲ್ಲೂ!"

"ಗೊತ್ತಾಯ್ತು ಕಣ್ರೀ, ಇಲ್ಲೂ ಸುರೀತಾ ಇದೆ."

ದೊಡ್ಡಪ್ಪ ಸಿಟ್ಟಿನಿಂದ ಫೋನಿಟ್ಟು, ವಾಟ್ಸಾಪಿನಲ್ಲಿ ಟೈಪ್ ಮಾಡಿ ಕಳಿಸಿದರು: ಹಲ್ಲು. ಅಷ್ಟೇ. ಅವರು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟರಾಗಿ ನಿವೃತ್ತರಾದವರು. ಹಕಾರ ನುಂಗುವ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಮುಂದಿನ ಭಾನುವಾರ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಅವರಿಗೆ ಸನ್ಮಾನ ಇಟ್ಟುಕೊಂಡಿದ್ದರು, ಭಾಷಣವೂ ಇತ್ತು.

ಪಾರ್ಸೆಲ್ ಮಾಡುವುದೆಂದಾಯಿತು. ದೊಡ್ಡಮ್ಮನಿಗೆ ಪಾರ್ಸೆಲ್ಲೆಂದರೆ ನಂಬಿಕೆಯಿಲ್ಲ. ಹಿಂದೊಮ್ಮೆ ಅವರು ಅಳಿಯನಿಗೆ ಕಳಿಸಿದ ಹಪ್ಪಳ ಹಿಟ್ಟಾಗಿ ಮುಟ್ಟಿತ್ತು. "ವಿಮೆ ಮಾಡಿಸಿಯೇ ಕಳಿಸೋದು ಕಣೋ," ಎಂದು ಹಟ ಹಿಡಿದು, ಹಲ್ಲುಗಳನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ಹಾಕಿಕೊಂಡು ನನ್ನ ಬೈಕಿನ ಹಿಂದೆ ಹೊಸಕೋಟೆಯ ಅಂಚೆ ಕಚೇರಿಗೆ ಬಂದರು.

"ಒಳಗೇನಿದೆ?" ಎಂದು ಕೌಂಟರಿನಲ್ಲಿದ್ದ ಹೆಂಗಸು ಕೇಳಿದರು.

"ನಮ್ ಯಜಮಾನ್ರ ಹಲ್ಲು."

ಆಕೆ ಪೆನ್ನು ಕೆಳಗಿಟ್ಟರು. "ಎಲ್ಲಾನೂವಾ?"

"ಮೇಲಿಂದೂ ಕೆಳಗಿಂದೂ."

"ಬೆಲೆ ಎಷ್ಟು ಅಂತ ಬರೀಲಿ? ಕಳೆದೋದ್ರೆ ಅಷ್ಟು ದುಡ್ಡು ಸಿಗುತ್ತೆ."

ದೊಡ್ಡಮ್ಮನಿಗೆ ಇದು ಸರಿಬೀಳಲಿಲ್ಲ. "ದುಡ್ಡು ತಗೊಂಡು ಏನ್ ಮಾಡೋದಮ್ಮ? ಭಾನುವಾರ ನೋಟನ್ನ ಬಾಯಲ್ಲಿಟ್ಕೊಂಡು ಭಾಷಣ ಮಾಡ್ತಾರಾ?"

"ನಾವು ದುಡ್ಡು ಕೊಡ್ತೀವಿ, ಹಲ್ಲು ಕಟ್ಟಿಸಿಕೊಡಲ್ಲ," ಎಂದರು ಆಕೆ, ನಗು ತಡೆದುಕೊಂಡು.

ನಾನು ಬಳ್ಳಾರಿಯಿಂದ ದಂತವೈದ್ಯರ ಬಿಲ್ಲಿನ ಫೋಟೋ ತರಿಸಿಕೊಂಡೆ. "ಒಂದು ಹಲ್ಲು ಬಂಗಾರದ್ದು ಅಂತ ಸೇರಿಸಿ, ಜೋಪಾನವಾಗಿ ಒಯ್ತಾರೆ," ಎಂದು ದೊಡ್ಡಮ್ಮ ಪಿಸುಗುಟ್ಟಿದ್ದನ್ನು ಆಕೆ ಒಪ್ಪಲಿಲ್ಲ. ಡಬ್ಬಿಗೆ ಬಟ್ಟೆ ಸುತ್ತಿ ಹೊಲಿದು, ಹೊಲಿಗೆಯ ಮೇಲೆಲ್ಲ ಅರಗಿನ ಮುದ್ರೆ ಒತ್ತಿದರು. ವಿಳಾಸದಾರರ ಕೈಗೇ ಕೊಡತಕ್ಕದ್ದು ಎಂದಾಯಿತು. ದೊಡ್ಡಮ್ಮನ ಮುಖ ಅರಳಿತು.

ಶುಕ್ರವಾರ ಮಧ್ಯಾಹ್ನ ದೊಡ್ಡಪ್ಪನ ನಂಬರಿನಿಂದ ವಿಡಿಯೋ ಕಾಲ್ ಬಂತು. ತೆರೆಯ ಮೇಲೆ ಪೋಸ್ಟ್‌ಮನ್.

"ನಾ ಈ ಏರಿಯಾಕ್ಕ ಹೊಸಬ ರೀ. ಹೆಸರು ಹೇಳ್ರಿ ಅಂದ್ರ ಈ ಯಜಮಾನ್ರು ಏನೋ ಅಂತಾರ, ತಿಳಿಯವಲ್ದು. ಆಧಾರ್ ಕಾರ್ಡಿನ ಫೋಟೋದಾಗ ಗಲ್ಲ ತುಂಬಿ ಹಲ್ಲು ಕಾಣ್ತಾವ, ಇವ್ರಿಗೆ ಗಲ್ಲನೂ ಇಲ್ಲ, ಹಲ್ಲೂ ಇಲ್ಲ. ವಿಮೆ ಮಾಡಿಸಿದ ಮಾಲು, ಯಾರಿಗಂದ್ರ ಅವ್ರಿಗೆ ಹ್ಯಾಂಗ್ ಕೊಡ್ಲಿ?"

ಹಿಂದಿನಿಂದ ದೊಡ್ಡಪ್ಪ ಪಾರ್ಸೆಲ್ಲನ್ನೂ ತಮ್ಮ ಬಾಯಿಯನ್ನೂ ಬಾರಿಬಾರಿಗೆ ತೋರಿಸುತ್ತಿದ್ದರು. ಬಿಚ್ಚಿದರೆ ಗುರುತು ಸಿಗುತ್ತದೆ ಎನ್ನುವುದು ಅವರ ವಾದ. ಗುರುತು ಸಿಗದೆ ಬಿಚ್ಚುವ ಹಾಗಿಲ್ಲ ಎನ್ನುವುದು ಪೋಸ್ಟ್‌ಮನ್ನನದು.

ನಾನು ದೊಡ್ಡಮ್ಮನನ್ನು ಕರೆದು ಫೋನ್ ಅವರ ಮುಂದೆ ಹಿಡಿದೆ. ಮದುವೆಯಾಗಿ ಇಷ್ಟು ವರ್ಷವಾದರೂ ದೊಡ್ಡಪ್ಪ ಬೋಳು ಬಾಯಿಯನ್ನು ಹೆಂಡತಿಗೆ ತೋರಿಸಿದವರಲ್ಲ. ದೀಪ ಆರಿಸಿದ ಮೇಲೇ ಹಲ್ಲು ತೆಗೆಯುತ್ತಿದ್ದರು.

ದೊಡ್ಡಮ್ಮ ನೋಡಿದವರೇ ಬಾಯಿಗೆ ಸೆರಗು ಒತ್ತಿಕೊಂಡರು. "ಅಯ್ಯಯ್ಯೋ! ಥೇಟು ನಮ್ ಮಾವನೋರು ಇದ್ದಂಗವ್ರೆ!"

"ಅಂದ್ರ ಇವ್ರು ನಿಮ್ಮ ಮಾವನೋರೇನ್ರಿ?" ಎಂದ ಪೋಸ್ಟ್‌ಮನ್, ಪಾರ್ಸೆಲ್ಲನ್ನು ಚೀಲದೊಳಕ್ಕೆ ತುರುಕುತ್ತಾ.

"ಅವರು ತೀರ್ಕೊಂಡು ಎಷ್ಟೋ ಕಾಲ ಆಯ್ತಪ್ಪಾ!"

ಇದರಿಂದ ವಿಷಯ ಇನ್ನಷ್ಟು ಕೆಟ್ಟಿತು. ದೊಡ್ಡಪ್ಪ ಹಣೆ ಚಚ್ಚಿಕೊಂಡರು. ಕಡೆಗೆ ಪೋಸ್ಟ್‌ಮನ್ನೇ ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಅಂಚೆ ಕಚೇರಿಗೆ ಒಯ್ದ. ಅಲ್ಲಿ ಪೋಸ್ಟ್‌ಮಾಸ್ಟರ್ ತಮ್ಮ ಎದುರಿಗೇ ಅರಗು ಒಡೆಸಿ ಡಬ್ಬಿ ತೆಗೆಸಿದರಂತೆ. ದೊಡ್ಡಪ್ಪ ಗೋಡೆಯ ಕಡೆ ತಿರುಗಿ ನಿಂತು, ಮತ್ತೆ ಇತ್ತ ತಿರುಗಿ ಕಚೇರಿಗೆಲ್ಲ ಒಂದು ಸಲ ನಕ್ಕರಂತೆ. ಆಧಾರ್ ಕಾರ್ಡು ಕೈಯಿಂದ ಕೈಗೆ ಹೋಯಿತು. "ಈಗ ನೋಡ್ರಿ, ಬರಾಬರಿ ಹೊಂದ್ತು," ಎಂದು ಪೋಸ್ಟ್‌ಮನ್ ಸಹಿ ಹಾಕಿಸಿಕೊಂಡ.

ಆ ಸಂಜೆ ದೊಡ್ಡಪ್ಪ ಫೋನ್ ಮಾಡಿ, ನಾಲ್ಕು ದಿನದಿಂದ ಕಟ್ಟಿಕೊಂಡಿದ್ದ ಮಾತನ್ನೆಲ್ಲ ಒಂದೇ ಸಲಕ್ಕೆ ಬಿಟ್ಟರು. ಮಾವನವರ ಹೋಲಿಕೆಯ ಬಗ್ಗೆಯೇ ಬಹಳ ಹೊತ್ತು ಹೋಯಿತು. ದೊಡ್ಡಮ್ಮ ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕದಲ್ಲಿಟ್ಟು, ಮಗುವಿಗೆ ಎಣ್ಣೆ ಹಚ್ಚುತ್ತಾ ನಡುನಡುವೆ "ಹೂಂ ರೀ" ಎನ್ನುತ್ತಿದ್ದರು.

ಭಾನುವಾರದ ಭಾಷಣ ಚೆನ್ನಾಗಿಯೇ ಆಯಿತಂತೆ, ಸ್ವಲ್ಪ ಉದ್ದವಾಯಿತಷ್ಟೇ. ಶಿಷ್ಯರಲ್ಲಿ ಅರ್ಧ ಜನ ನಡುವೆಯೇ ಊಟಕ್ಕೆ ಎದ್ದುಹೋದರು. ಕೊನೆಯವರೆಗೂ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದವನು, ದೊಡ್ಡಪ್ಪ ತಾವೇ ಕರೆದಿದ್ದ ಆ ಪೋಸ್ಟ್‌ಮನ್.