ಎಕಂಬಾದ ತೂತಿನ ಪೈಸೆ

2022ರ ಹೊತ್ತಿಗೆ ನಾನು ಬ್ಯಾಂಕಿನ ಕ್ಯಾಷಿಯರ್ ಹುದ್ದೆಯಿಂದ ನಿವೃತ್ತನಾಗಿ, ಬೀದರ್‌ನಲ್ಲಿ ಹಳೆ ನಾಣ್ಯ ಕೊಂಡು ಮಾರುವ ಅಂಗಡಿ ಇಟ್ಟುಕೊಂಡಿದ್ದೆ. ಅಂಗಡಿ ಎಂದರೆ ಒಂದು ಟೇಬಲ್ಲು, ಒಂದು ಭೂತಗನ್ನಡಿ, ಒಂದಷ್ಟು ಪ್ಲಾಸ್ಟಿಕ್ ಡಬ್ಬಿಗಳು. ಚಿನ್ನ, ಬೆಳ್ಳಿಯ ನಾಣ್ಯಗಳು ನನ್ನ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಜನರ ಕೈಯಲ್ಲಿ ಓಡಾಡಿ ಸವೆದ ತಾಮ್ರ, ಅಲ್ಯೂಮಿನಿಯಂ ಕಾಸುಗಳೇ ನನ್ನ ಸರಕು. ನಮ್ಮ ವ್ಯಾಪಾರದಲ್ಲಿ ಇಂಥವಕ್ಕೆ ‘ಸರ್ಕ್ಯುಲೇಟೆಡ್’ ಎನ್ನುತ್ತಾರೆ. ಸವೆದಷ್ಟೂ ಬೆಲೆ ಕಡಿಮೆ. ಹತ್ತು ಹತ್ತರ ಪಾಕೀಟು ಕಟ್ಟಿ ಮಾರುತ್ತಿದ್ದೆ. ಮೊಬೈಲಿನಲ್ಲಿ ವಿಡಿಯೊ ನೋಡಿ, ಐದು ರೂಪಾಯಿ ನಾಣ್ಯಕ್ಕೆ ಐದು ಲಕ್ಷ ಕೇಳಲು ಬರುವವರಿಗೆ ಚಹಾ ಕುಡಿಸಿ ಸಮಾಧಾನ ಹೇಳುವುದು ನನ್ನ ಪುಕ್ಕಟೆ ಸೇವೆ.

ದೀಪಾವಳಿ ಮುಗಿದ ವಾರ ಔರಾದ್ ತಾಲ್ಲೂಕಿನ ಎಕಂಬಾದಿಂದ ರೈತರೊಬ್ಬರು ತಗಡಿನ ಡಬ್ಬಿಯೊಂದನ್ನು ತಂದರು. ಒಳಗಿನ ಕಾಸುಗಳೆಲ್ಲ ಹಬ್ಬದ ತಂಬಿಗೆಯಂತೆ ಫಳಫಳ ಹೊಳೆಯುತ್ತಿದ್ದವು.

“ಹುಣಸಿಹಣ್ಣು ಹಚ್ಚಿ ತಿಕ್ಕೀನ್ರಿ. ಹೊಳದ್ರ ನಾಕು ರೂಪಾಯಿ ಜಾಸ್ತಿ ಬರ್ತಾವಲ್ರಿ?” ಎಂದರು ಹೆಮ್ಮೆಯಿಂದ.

ನಾನು ಹಣೆ ಚಚ್ಚಿಕೊಂಡೆ. ಸಂಗ್ರಹಕಾರರಿಗೆ ಬೇಕಾದದ್ದು ತಾಮ್ರದ ಮೇಲೆ ವರ್ಷಾನುಗಟ್ಟಲೆ ಕೂತ ಕಪ್ಪು ಪದರ. ಅದನ್ನು ತಿಕ್ಕಿ ತೆಗೆದರೆ ಬೆಲೆಯೂ ಜೊತೆಗೇ ಹೋಗುತ್ತದೆ. ಅವರ ಮುಖ ನೋಡಲಾಗದೆ ಅಷ್ಟಿಷ್ಟು ಕೊಟ್ಟು ಕೊಂಡೆ. ಅದರಲ್ಲಿ ನಡುವೆ ತೂತಿರುವ ಪೈಸೆಗಳು ಹತ್ತು ಇದ್ದವು. ಎರಡನೇ ಮಹಾಯುದ್ಧದ ಕಾಲದಲ್ಲಿ ತಾಮ್ರ ಉಳಿಸಲು ಬ್ರಿಟಿಷ್ ಸರ್ಕಾರ ಹೊರಡಿಸಿದವು. ತಿಕ್ಕಿದ ಮಾಲನ್ನು ಬೀದರ್‌ನಲ್ಲಿ ಯಾರೂ ಮೂಸುವುದಿಲ್ಲವೆಂದು, ಆ ಹತ್ತನ್ನೂ ಬೇರೆ ಪಾಕೀಟು ಕಟ್ಟಿ, ಮಕ್ಕಳಿಗೆ ಹಳೆ ನಾಣ್ಯ ಮಾರುವ ಭಾಲ್ಕಿಯ ಪರಿಚಿತ ಸ್ಟೇಷನರಿ ಅಂಗಡಿಗೆ ಕಳಿಸಿದೆ.

ಮೂರನೆಯ ದಿನ ಆ ರೈತರ ಹೆಂಡತಿ ಕಲಾವತಿಯವರು ಬಂದರು. ನೀರು ಕೊಟ್ಟರೆ ಮುಟ್ಟಲಿಲ್ಲ.

“ಅಣ್ಣಾರ, ಡಬ್ಬಿದಾಗ ನಮ್ಮ ಮನಿ ಉಡದಾರದ ಪೈಸಾ ಇತ್ತರೀ. ಹುಟ್ಟಿದ ಕೂಸಿನ ನಡಕ್ಕ ಅದನ್ನೇ ಕಟ್ಟೋದು. ನನ್ನ ಮೊಮ್ಮಗಳು ದಿನಾ ತುಂಬದೆ ಹುಟ್ಟಿ ದವಾಖಾನಿ ಪೆಟ್ಟಿಗ್ಯಾಗ ಇದ್ದಳ್ರಿ. ನಾಳಿ ಮನಿಗಿ ಬಿಡ್ತಾರ. ನಮ್ಮ ಅತ್ತಿ ಎರಡು ದಿನ ಆಯ್ತು, ಅನ್ನಾ ಉಂಡಿಲ್ರಿ.”

ಭಾಲ್ಕಿಗೆ ಫೋನ್ ಮಾಡಿ, ಪಾಕೀಟು ಬಿಚ್ಚಬೇಡಿ ಎಂದೆ. ಇಬ್ಬರೂ ಬಸ್ಸು ಹತ್ತಿದೆವು. ದಾರಿಯಲ್ಲಿ ಅವರು ಹೇಳಿದ್ದು ಒಂದೇ ಮಾತು: “ಮೂರು ತಲಿಯಿಂದ ನಮ್ಮ ಮನ್ಯಾಗ ಬರೇ ಗಂಡರಿ. ಹೆಣ್ಣು ಇದೇ ಮೊದಲ.” ಎರಡು ಕಾಸಿನ ಮಾಲಿಗಾಗಿ ನಾನು ಇಷ್ಟು ಹೆದರಿದ್ದು ಅದೇ ಮೊದಲು.

ಪಾಕೀಟು ಹಾಗೇ ಇತ್ತು. ಹತ್ತು ಪೈಸೆಗಳನ್ನು ಪೇಪರಿನ ಮೇಲೆ ಹರಡಿದೆ. ಕಲಾವತಿಯವರು ಕಣ್ಣಗಲಿಸಿ ನೋಡಿದರು. ಎಣ್ಣೆ ಕುಡಿದು ಕರ್ರಗಿದ್ದ ಪೈಸೆ ಅವರಿಗೆ ಗೊತ್ತಿತ್ತು. ಗಂಡನ ಹುಣಸೆಹಣ್ಣು ಹತ್ತನ್ನೂ ಒಂದೇ ಬಣ್ಣ ಮಾಡಿಟ್ಟಿತ್ತು. “ಎಲ್ಲಾ ಒಂದೇ ಕಾಣ್ತಾವಲ್ರಿ” ಎಂದು ಸೆರಗು ಬಾಯಿಗೊತ್ತಿಕೊಂಡರು.

ನಾನು ಭೂತಗನ್ನಡಿ ತೆಗೆದೆ. ಕೈಯಿಂದ ಕೈಗೆ ಓಡಾಡಿದ ಕಾಸು ಮೈಯೆಲ್ಲ ಸವೆಯುತ್ತದೆ. ದಾರದಲ್ಲಿ ತೂಗಿದ ಕಾಸು ಹಾಗಲ್ಲ, ತೂತಿನ ಅಂಚಿನಲ್ಲಿ ಒಂದೇ ಕಡೆ ಸವೆಯುತ್ತದೆ. ಒಂದೊಂದಾಗಿ ನೋಡುತ್ತ ಹೋದಂತೆ ಒಂದು ಸಿಕ್ಕಿತು. ಉಸಿರು ಬಿಡುವಷ್ಟರಲ್ಲಿ ಅಂಥದೇ ಇನ್ನೊಂದೂ ಸಿಕ್ಕಿತು.

ಈಗ ಪೇಚಾಟ ಶುರುವಾಯಿತು. ಮನೆಯಲ್ಲಿದ್ದದ್ದು ಒಂದೇ ಎನ್ನುತ್ತಾರೆ ಇವರು. ನನ್ನ ಕೈಯಲ್ಲಿ ಎರಡು. ಅತ್ತೆಗೇ ಕೇಳೋಣವೆಂದು ಎಕಂಬಾಕ್ಕೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. ಇವರು ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ಮುದಿ ದನಿ ಕೇಳಿತು.

“ಎರಡೂ ಸಿಕ್ವೇನವ್ವಾ?”

“ಎರಡು ಎಲ್ಲಿವ್ರಿ ಅತ್ತಿ? ಒಂದೇ ಅಂದಿದ್ರಿ!”

ಅಜ್ಜಿ ನಿಧಾನವಾಗಿ ಹೇಳಿದರು: “ಒಂದು ಈ ಮನಿ ಗಂಡು ಮಕ್ಕಳದ್ದು. ಇನ್ನೊಂದು ನಂದು. ನಾ ಹುಟ್ಟಿದಾಗ ನಮ್ಮವ್ವ ಕಟ್ಟಿದ್ದು. ಮದುವ್ಯಾಗಿ ಬರುವಾಗ ನನಗ ಹತ್ತು ವರ್ಷ, ಅದು ನಡದಾಗೇ ಇತ್ತು. ಮುದುಕಿಗಿ ಈಗ ಅದ್ಯಾಕ ಅಂತೀರಂತ ಹೇಳಿದ್ದಿಲ್ಲ.”

ಕಲಾವತಿಯವರು ಅಂಗಡಿಯ ಮೆಟ್ಟಿಲ ಮೇಲೆ ಕೂತು ಅತ್ತರು, ಅಳುತ್ತಲೇ ನಕ್ಕರು. “ಎರಡೂ ಸಿಕ್ಕಾವ್ರಿ ಅತ್ತಿ. ಎದ್ದು ಊಟ ಮಾಡ್ರಿ ಮೊದಲ.”

“ಉಣ್ತೇನಿ. ಕೂಸಿಗಿ ನಂದೇ ಕಟ್ರಿ” ಎಂದಿತು ಆ ದನಿ.

ನನಗೂ ಹಗುರವಾಯಿತು. ಬೈದುಕೊಂಡಿದ್ದ ಹುಣಸೆಹಣ್ಣನ್ನೇ ಆಗ ನೆನೆದೆ. ತಿಕ್ಕದಿದ್ದರೆ ಈ ಹತ್ತು ಪೈಸೆಗಳು ನನ್ನ ದೊಡ್ಡ ಡಬ್ಬಿಯ ರಾಶಿಯಲ್ಲಿ ಕಲೆತು, ಎಂದೋ ನಾಲ್ಕು ಊರಿಗೆ ಹೋಗಿರುತ್ತಿದ್ದವು.

ಕಾಸು ನೋಡಿ ಬೆಲೆ ಕಟ್ಟುವುದನ್ನು ಬ್ಯಾಂಕು, ಪುಸ್ತಕ ಎರಡೂ ನನಗೆ ಕಲಿಸಿದ್ದವು. ಯಾರನ್ನು ಕೇಳಿ ಕೊಳ್ಳಬೇಕೆಂದು ಕಲಿಸಿದ್ದು ಎಕಂಬಾದ ಅಜ್ಜಿ. ಈಗ ಯಾರೇ ಡಬ್ಬಿ ತಂದರೂ ಮುಚ್ಚಳ ತೆಗೆಯುವ ಮೊದಲು ಕೇಳುತ್ತೇನೆ: “ಮನ್ಯಾಗಿನ ಹಿರಿ ಹೆಣ್ಮಕ್ಕಳಿಗಿ ಕೇಳಿ ಬಂದೀರೇನ್ರಿ?” ಎಷ್ಟೋ ಜನ ತಲೆ ಕೆರೆದುಕೊಂಡು ಡಬ್ಬಿ ಸಮೇತ ಬಸ್‌ಸ್ಟ್ಯಾಂಡಿಗೆ ವಾಪಸು ಹೋಗುತ್ತಾರೆ. ಅವರಲ್ಲಿ ಅರ್ಧ ಜನ ತಿರುಗಿ ಬರುವುದೇ ಇಲ್ಲ. ಬರದಿದ್ದಾಗ ನನಗೆ ಖುಷಿಯೇ ಆಗುತ್ತದೆ.