ಹೂಂಗುಟ್ಟುವವಳು

ಹಲ್ಲಿನ ಸೆಟ್ಟು ಮಾಡುವ ಆ ಕೋಣೆಯಲ್ಲಿ ಗೋಡೆಯುದ್ದಕ್ಕೂ ಬಾಯಿಗಳಿದ್ದವು. ದಂತವೈದ್ಯರು ಅಚ್ಚು ತೆಗೆದು ಕಳಿಸಿದ, ಪ್ಲಾಸ್ಟರಿನಲ್ಲಿ ಎರಕ ಹೊಯ್ದ ದವಡೆಗಳು. ಹೊಸಬರು ಬಾಗಿಲಲ್ಲೇ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಅಲ್ಲಿ ಕೆಲಸ ಮಾಡುವ ಅವಳು ಮಾತ್ರ, ಇಷ್ಟು ಬಾಯಿಗಳಿದ್ದೂ ಒಂದೂ ಮಾತಾಡಲ್ಲ, ಇದಕ್ಕಿಂತ ಸುಖ ಏನಿದೆ ಎನ್ನುತ್ತಿದ್ದಳು. ಮೊಣಕೈವರೆಗೆ ಸದಾ ಬಿಳಿ ಪುಡಿ ಹತ್ತಿರುತ್ತಿದ್ದುದರಿಂದ ಅವಳಿಗೆ ಹಿಟ್ಟಮ್ಮ ಎಂದೇ ಹೆಸರು ಬಿತ್ತು. ಓದು ಮುಗಿಸಿ, ನಾಲ್ಕು ದಿನದ ಮಟ್ಟಿಗೆಂದು ಸೇರಿದವಳು ಅಲ್ಲೇ ಉಳಿದಳು. ಅಪ್ಪ ತೀರಿಕೊಂಡ ಮೇಲೆ ಮನೆ ನಡೆದದ್ದು ಆ ಪುಡಿಯಿಂದಲೇ.

ರೇಡಿಯೋ ರಿಪೇರಿಯವನು ಅವಳಿಗೆ ಸಿಕ್ಕಿದ್ದೂ ಅಲ್ಲೇ. ಮೆಟ್ಟಿಲಲ್ಲಿ ಬಿದ್ದು ಮುಂದಿನ ಹಲ್ಲು ಮುರಿದುಕೊಂಡಿದ್ದ. ಹೊಸ ಹಲ್ಲಿಗೆ ಬಣ್ಣ ಹೊಂದಿಸಿಕೊಂಡು ಬಾ ಎಂದು ವೈದ್ಯರು ಕಳಿಸಿದ್ದರು. ಅವಳು ಅವನ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಬಣ್ಣದ ಮಾದರಿಗಳನ್ನು ಒಂದೊಂದಾಗಿ ಹಲ್ಲಿನ ಪಕ್ಕ ಹಿಡಿದು ನೋಡಿದಳು.

"ನನ್ನನ್ನ ಇಷ್ಟು ಹೊತ್ತು ಯಾರೂ ನೋಡಿಲ್ಲ," ಎಂದ.

"ಮಾತಾಡಬೇಡಿ. ತುಟಿ ಅಲ್ಲಾಡಿದ್ರೆ ಬಣ್ಣ ತಪ್ಪುತ್ತೆ," ಎಂದಳು.

ಅದು ಹಾಗೆ ಶುರುವಾಯಿತು. ಒಂಟಿಯಾಗಿ ಕೆಲಸ ಮಾಡುವಾಗ ಕೋಣೆಯ ಮೌನದಿಂದ ತನಗೆ ಭಯವಾಗುತ್ತದೆ ಎಂದು ಒಂದು ದಿನ ಹೇಳಿದ. "ನೀನು ಮಾತಾಡಬೇಕಾಗಿಲ್ಲ. ಫೋನ್ ಆನ್ ಇಟ್ಟಿರು, ಸಾಕು. ನೀನಿದ್ದೀಯ ಅಂತ ಗೊತ್ತಾಗ್ತಾ ಇರಲಿ." ಅವಳಿಗೆ ಆಗ ಅದು ಹಿತವಾಗಿತ್ತು. ಫೋನನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಕೆಲಸ ಮಾಡುತ್ತಿದ್ದಳು. ಅಲ್ಲಿಂದ ಅವನು ಏನಾದರೂ ಅನ್ನುತ್ತಿದ್ದ, ಇವಳು ಹೂಂಗುಟ್ಟುತ್ತಿದ್ದಳು. ಬರಬರುತ್ತಾ ಅವನು ಏನಂದ ಎಂದು ಕೇಳಿಸಿಕೊಳ್ಳುವ ಮೊದಲೇ ಗಂಟಲು ತಾನಾಗಿ ಹೂಂ ಅನ್ನತೊಡಗಿತು.

ಸಂಜೆ ಸಿಕ್ಕಾಗ ಅವನು ಅವಳ ದಿನವನ್ನು ಅವಳಿಗೇ ಒಪ್ಪಿಸುತ್ತಿದ್ದ. "ಮಧ್ಯಾಹ್ನ ನೀರು ಕುಡಿಯೋವಾಗ ಅರ್ಧಕ್ಕೆ ನಿಲ್ಲಿಸಿದೆ. ಯಾಕೆ?" ಅವಳಿಗೆ ನೆನಪೇ ಇರುತ್ತಿರಲಿಲ್ಲ. ಅಮ್ಮ ಆಸ್ಪತ್ರೆ ಸೇರಿದಾಗ ಅವನಿಗೆ ಹೇಳಿದಳು. ಹೇಗಿದ್ದಾರೆ ಎಂದು ಅವನು ಕೇಳಲಿಲ್ಲ. "ಅಲ್ಲಿ ಗಲಾಟೆ ಜಾಸ್ತಿ. ನಿನ್ನ ಉಸಿರು ಕೇಳಿಸ್ತಾ ಇಲ್ಲ," ಎಂದ.

ಬಿಟ್ಟುಬಿಡೋಣ ಎಂಬ ಮಾತು ಅಂದೇ ಬಾಯಿಗೆ ಬಂತು. ಆದರೆ ಪ್ರತಿ ಸಲವೂ ಅದು ತುಟಿಗೆ ಬರುವಷ್ಟರಲ್ಲಿ ಅವನಿಗೆ ಜ್ವರ ಏರುತ್ತಿತ್ತು, ಇಲ್ಲವೇ ಕೈ ನಡುಗುತ್ತಿತ್ತು. ನಾಟಕವಲ್ಲ, ಹಣೆ ಮುಟ್ಟಿದರೆ ನಿಜಕ್ಕೂ ಸುಡುತ್ತಿತ್ತು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವಳ ಹಾಗೆ ಅವಳು ತಿರುಗಾಡಿದಳು. ನಂದು ಅನ್ನುವ ಒಂದು ನಿಟ್ಟುಸಿರೂ ಉಳಿದಿರಲಿಲ್ಲ.

ಪಕ್ಕದಲ್ಲಿ ಕೂತು ಸೆಟ್ಟುಗಳಿಗೆ ಪಾಲಿಶ್ ಮಾಡುವ ಅಕ್ಕನಿಗೆ ಎಲ್ಲ ಗೊತ್ತಿತ್ತು. "ಲೇ, ನಿನ್ನ ಜೇಬಲ್ಲಿ ಯಾವನೋ ಉಸಿರಾಡ್ತಾ ಇದ್ದಾನಲ್ಲೇ," ಎನ್ನುತ್ತಿದ್ದಳು. "ಗಂಡಾನೂ ಅಲ್ಲ, ಮಗೂನೂ ಅಲ್ಲ. ಅದೇನಂತ ಸಾಕ್ತಾ ಇದ್ದೀಯ?"

"ಮೆಲ್ಲಗೆ ಅಕ್ಕ, ಕೇಳಿಸುತ್ತೆ."

"ಕೇಳಿಸ್ಲಿ ಅಂತಾನೇ ಹೇಳಿದ್ದು."

ಕೊನೆಗೆ ಅವಳ ಕೈಯೇ ತಪ್ಪಿತು. ಮೇಲಿನ ದವಡೆ, ಕೆಳಗಿನ ದವಡೆ ಜೋಡಿಸುವಾಗ ನಡುವೆ ನೀಲಿ ಕಾಗದ ಇಟ್ಟು ಒತ್ತುತ್ತಾರೆ. ಹಲ್ಲು ಎಲ್ಲಿ ಹೆಚ್ಚು ತಗಲುತ್ತದೋ ಅಲ್ಲಿ ನೀಲಿ ಗುರುತು ಬೀಳುತ್ತದೆ. ಅಷ್ಟನ್ನು ಉಜ್ಜಿ ಮತ್ತೆ ಒತ್ತಿ ನೋಡಬೇಕು. ಒಂದು ಮಧ್ಯಾಹ್ನ ಮಾಲೀಕರು ಒಂದು ಸೆಟ್ಟನ್ನು ಅಂಗೈಯಲ್ಲಿಟ್ಟುಕೊಂಡು ಬಂದರು.

"ಹಲ್ಲಿದ್ದವನಿಗೆ ಕಡಲೆ ಇಲ್ಲ ಅನ್ನೋದು ಕೇಳಿದ್ದೆ. ನೀನು ಒಬ್ಬರ ಹಲ್ಲನ್ನ ಇನ್ನೊಬ್ಬರಿಗೆ ಕೊಟ್ಟಿದ್ದೀಯಲ್ಲಮ್ಮ. ಕೆಳಗಿಂದು ಆ ನಿವೃತ್ತ ಮೇಷ್ಟ್ರದು. ಮೇಲಿಂದು ಯಾವುದೋ ಹೆಂಗಸಿಂದು. ಇದು ಹೇಗೆ ಕೂತ್ಕೊಳ್ತು?"

"ಕೂರೋವರೆಗೂ ಉಜ್ಜಿದೆ, ಸರ್."

"ಒಂದು ಕಡೆ ಅರ್ಧ ಹಲ್ಲೇ ಇಲ್ಲ. ನಿಂಗೆ ಅನುಮಾನ ಬರಲಿಲ್ವಾ?"

ಅವಳು ಬಾಯಿ ತೆರೆಯುವ ಮೊದಲೇ ಜೇಬಿನಿಂದ ಧ್ವನಿ ಬಂತು. "ಯಾರದು? ಯಾಕೆ ಬೈತಿದ್ದಾರೆ?"

ಮಾಲೀಕರು, ಅಕ್ಕ, ಇಬ್ಬರೂ ಅವಳ ಏಪ್ರನ್ನನ್ನೇ ನೋಡಿದರು. ಅಕ್ಕ ಈ ಸಲ ನಗಲಿಲ್ಲ. ಅವಳು ಫೋನನ್ನು ತೆಗೆದು ಆರಿಸಿದಳು. ಸವೆದ ಆ ಹಲ್ಲುಗಳ ಮೇಲೆ ಒಮ್ಮೆ ಬೆರಳಾಡಿಸಿ, ಅರ್ಧ ದಿನದ ರಜೆ ಕೇಳಿ, ಕೈಯನ್ನೂ ತೊಳೆಯದೆ ಹೊರಟಳು. ಈಗ ಹೇಳದಿದ್ದರೆ ಇನ್ನು ಈ ಜನ್ಮದಲ್ಲಿ ಹೇಳಲಾರೆ ಎಂದು ಅವಳಿಗೆ ಗೊತ್ತಿತ್ತು.

ಅವನ ಕೋಣೆ ಮಹಡಿಯ ಮೇಲೆ. ಅರ್ಧ ಮೆಟ್ಟಿಲು ಹತ್ತುವಾಗಲೇ ಸೆಟ್ಟಿನ ಹಲ್ಲು ಉಜ್ಜುವ ಯಂತ್ರದ ಕಿರ್ರ್ ಸದ್ದು ಕೇಳಿಸಿತು. ಅದು ಅವಳದೇ ಯಂತ್ರ. ನಡುವೆ ಒಮ್ಮೆ ತಡವರಿಸುವ ಚಾಳಿ ಬೇರೆ ಯಾವ ಯಂತ್ರಕ್ಕೂ ಇರಲಿಲ್ಲ. ಆಮೇಲೆ ಅಕ್ಕನ ಕೆಮ್ಮು. ಆಮೇಲೆ ಯಾರೋ ಉಸಿರುಬಿಟ್ಟರು. ಅದು ಅವಳ ಉಸಿರು. ಅವನೇ ಹಿಂದೆ ಕೊಟ್ಟಿದ್ದ ಕೀಲಿಯಿಂದ ಬಾಗಿಲು ತೆರೆದಳು.

ಅವನು ಬೆನ್ನು ಮಾಡಿ ಕೂತು ಒಂದು ಹಳೆಯ ರೇಡಿಯೋ ಬಿಚ್ಚುತ್ತಿದ್ದ. "ಈ ತಂತಿ ಪೂರ್ತಿ ಹೋಗಿದೆ ನೋಡು," ಎಂದ.

"ಹೂಂ," ಎಂದಿತು ಮೇಜಿನ ಮೇಲಿನ ಸ್ಪೀಕರ್.

"ಬದಲಾಯಿಸಿಬಿಡ್ಲಾ?"

"ಹೂಂ."

ಅವಳ ಫೋನು ಚೀಲದ ತಳದಲ್ಲಿ ಆರಿ ಬಿದ್ದಿತ್ತು. ಎಷ್ಟು ದಿನಗಳಿಂದ ಅವಳ ಸದ್ದನ್ನೆಲ್ಲ ಹೀಗೆ ರೆಕಾರ್ಡ್ ಮಾಡಿ ಹಿಡಿದಿಡುತ್ತಿದ್ದನೋ.

"ನಾನು ಬಂದಿದ್ದೀನಿ," ಎಂದಳು.

ಅವನು ತಿರುಗಿ ನಕ್ಕ. ಅವಳು ಮಾಡಿಕೊಟ್ಟ ಹಲ್ಲು ಕಾಣಿಸಿತು. ತುಟಿಗೆ ಬೆರಳಿಟ್ಟು, "ಶ್. ಅವಳು ಕೆಲಸದಲ್ಲಿದ್ದಾಳೆ," ಎಂದ.

ಅವಳು ಇಷ್ಟು ದಿನ ನುಂಗಿದ್ದ ಮಾತನ್ನು ಹೇಳಿದಳು. "ನನ್ನಿಂದ ಇನ್ನು ಆಗಲ್ಲ. ಇವತ್ತಿಗೆ ಮುಗೀತು. ನಾನು ಹೋಗ್ತೀನಿ."

"ಹೂಂ," ಎಂದಿತು ಸ್ಪೀಕರ್, ದಣಿದ ಧ್ವನಿಯಲ್ಲಿ.

"ನೋಡು, ಅವಳಿಗೇನೂ ಬೇಜಾರಿಲ್ಲ," ಎಂದ ಅವನು. ಹಣೆಯಲ್ಲಿ ಬೆವರಿಲ್ಲ, ಕೈ ನಡುಗುತ್ತಿಲ್ಲ. ಬೇರೆ ಯಾರದೋ ವಿಷಯ ಕೇಳಿದವನಂತೆ ತಲೆಯಾಡಿಸಿ ಮತ್ತೆ ರೇಡಿಯೋದತ್ತ ತಿರುಗಿದ.

ಸ್ಪೀಕರಿನ ತಂತಿ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಬೆರಳು ಅಲ್ಲಿಯವರೆಗೂ ಹೋಯಿತು. ಅದನ್ನು ಕಿತ್ತರೆ ಅವನಿಗೆ ಬೇಕಾಗುವುದು ಮತ್ತೆ ತಾನೇ. ಆ ಮುಖ ತನ್ನ ಕಡೆ ತಿರುಗುತ್ತದೆ, ಜ್ವರ ಏರುತ್ತದೆ. ಅಲ್ಲಿ ಉಸಿರುಬಿಡುತ್ತಿದ್ದವಳು ತಾನೇ ಎಂದು ಗೊತ್ತಿದ್ದೂ ಅವಳು ಕೈ ಹಿಂದೆಗೆದಳು. ತಂತಿಯ ಮೇಲೆ ಸ್ವಲ್ಪ ಬಿಳಿ ಪುಡಿ ಉಳಿಯಿತು. ಕೀಲಿಯನ್ನು ಮೇಜಿನ ಅಂಚಿನಲ್ಲಿಟ್ಟು, ಬಾಗಿಲು ಎಳೆದುಕೊಂಡಳು.

ಮೆಟ್ಟಿಲಿಳಿಯುವಾಗ ಮೇಲಿನಿಂದ ಅವನ ದನಿ ಕೇಳಿಸಿತು. "ಇದ್ದೀಯಾ?"

ಗಂಟಲು ತಾನಾಗಿ ಮೇಲೆದ್ದಿತು. ಅವಳು ತುಟಿಯನ್ನು ಬಿಗಿಯಾಗಿ ಕಚ್ಚಿ, ಗೋಡೆ ಹಿಡಿದು ನಿಂತಳು. ಬಾಗಿಲಾಚೆಯಿಂದ ಅವಳದೇ ದನಿ ಹೂಂ ಎಂದಿತು. ಅದು ಪೂರ್ತಿ ನಿಲ್ಲುವವರೆಗೆ ಕಾದು, ಉಳಿದ ಮೆಟ್ಟಿಲುಗಳನ್ನು ಇಳಿದು ಬಿಸಿಲಿಗೆ ಬಂದಳು.